ಪಂಚ್ ಮಷಿನ್ ದೊಡ್ಡವ್ವ

ದೊಡ್ಡವ್ವನ ಬಲಗೈಯ ಮೂರು ಬೆರಳುಗಳು ಯಾವತ್ತೂ ಸುಮ್ಮನಿರುತ್ತಿರಲಿಲ್ಲ. ತೋರುಬೆರಳು, ನಡುಬೆರಳು, ಉಂಗುರಬೆರಳು. ಕಟ್ಟೆಯ ಮೇಲೆ ಕೂತಾಗ ತೊಡೆಯ ಮೇಲೆ, ಉಣ್ಣುವಾಗ ತಟ್ಟೆಯ ಅಂಚಿನ ಮೇಲೆ, ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಅವು ಟಕಟಕ ಕುಟ್ಟುತ್ತಲೇ ಇರುತ್ತಿದ್ದವು. ಎಡಗೈ ಮಾತ್ರ ಮಡಿಲಲ್ಲಿ ಬೆಕ್ಕಿನಂತೆ ಮಲಗಿರುತ್ತಿತ್ತು. ಮೊದಮೊದಲು ನಾನು ಅದನ್ನು ನಡುಕದ ರೋಗ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಆ ಕುಟ್ಟುವಿಕೆಗೆ ಒಂದು ಕ್ರಮವಿತ್ತು. ಎದುರಿಗೆ ಹೋಗುವ ಲಾರಿಯ ನಂಬರು, ಗೋಡೆಯ ಮೇಲೆ ಬರೆದ ಫೋನ್ ನಂಬರು, ಯಾವುದು ಕಣ್ಣಿಗೆ ಬಿದ್ದರೂ ಬೆರಳುಗಳು ಅದನ್ನು ಕುಟ್ಟಿಬಿಡುತ್ತಿದ್ದವು. ಆಕೆಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ಆಂಧ್ರದ ಗಡಿಯೂರು ಆದೋನಿಯಲ್ಲಿ ಹಳೆಯ ಗಿರಣಿಯ ಕಾಂಪೌಂಡಿಗೆ ಹತ್ತಿಕೊಂಡಿರುವ ಓಣಿಯಲ್ಲಿ ಆಕೆಯ ಮನೆ. ಮುಂದಿನ ಭಾಗದಲ್ಲಿ ಆಕೆ, ತಮ್ಮನ ಮಗ, ಅವನ ಹೆಂಡತಿ, ಮಕ್ಕಳು. ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ನಾನು ಮತ್ತು ನನ್ನ ಗಂಡ. ಆಕೆ ಮದುವೆಯಾಗಿರಲಿಲ್ಲ. ಓಣಿಯವರಿಗೆಲ್ಲ ಆಕೆ ದೊಡ್ಡವ್ವ. ಬೆನ್ನ ಹಿಂದೆ ಮಾತ್ರ ಪಂಚ್ ಮಷಿನ್ ದೊಡ್ಡವ್ವ.

ಹಣೆಯ ಮೇಲೆ ದಪ್ಪ ವಿಭೂತಿ, ಬಿಳಿ ಸೀರೆ, ಎಲ್ಲರನ್ನೂ ಎಣಿಸುವಂತೆ ಓಡಾಡುವ ಕಣ್ಣು. ದೀಪ ಹಚ್ಚುವ ಹೊತ್ತಿಗೆ ಆಕೆ ಓಣಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆಯುತ್ತಿದ್ದಳು. ಪ್ರತಿ ಬಾಗಿಲಲ್ಲೂ ಅದೇ ಮಾತು. "ಎಲ್ಲಾರೂ ಬಂದಾರೇನವ್ವಾ ಮನಿಗೆ?" ಯಾರಾದರೂ ಬಂದಿಲ್ಲ ಅಂದರೆ ಅವರು ಬರುವವರೆಗೂ ಆ ಮನೆಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಇದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಯಾರಾದರೂ ಎರಡು ದಿನ ಮಾತು ಕಡಿಮೆ ಮಾಡಿದರೆ ಸಾಕು, ಆಕೆ ಅವರ ಅಡುಗೆಮನೆಯವರೆಗೂ ಬಂದುಬಿಡುತ್ತಿದ್ದಳು. "ಸುಮ್ಮನಿರೋರನ್ನ ಸುಮ್ಮನ ಬಿಡಬಾರದು" ಅನ್ನುವುದು ಆಕೆಯ ಮಾತು. ಓಣಿಯ ಗಂಡಸರು ನಗುತ್ತಿದ್ದರು. ನಮಗೆ ಹೆಂಗಸರಿಗೆ ನಗು ಬರುತ್ತಿರಲಿಲ್ಲ. ಆಕೆ ಬಾಗಿಲಲ್ಲಿ ಬಂದು ನಿಂತು ಮುಖವನ್ನೇ ನೋಡತೊಡಗಿದರೆ, ಏನೂ ಆಗದಿದ್ದವರಿಗೂ ಏನೋ ಆಗಿದೆ ಅನ್ನಿಸಿ ಎದೆ ಹೊಡೆದುಕೊಳ್ಳುತ್ತಿತ್ತು. ಅಷ್ಟು ಭಯವಿತ್ತು ಆ ಕಣ್ಣಿನಲ್ಲಿ.

ನಾನು ಕೆಲಸ ಮಾಡುವುದು ಒಂದು ಖಾಸಗಿ ಆಫೀಸಿನಲ್ಲಿ. ಹಳೆಯ ಕೈಬರಹದ ಕಾಗದಗಳ ಫೋಟೋ ಬರುತ್ತವೆ, ಅವನ್ನು ಓದಿ ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ತೆಲುಗು ಜಾಸ್ತಿ, ಇಂಗ್ಲಿಷ್ ಸ್ವಲ್ಪ, ಗಡಿ ಊರುಗಳದ್ದಾದರೆ ಕನ್ನಡ. ಸಾಲಾಗಿ ಕೂತು ಟೈಪ್ ಮಾಡುವವರೆಲ್ಲ ಹೆಂಗಸರೇ. ಅವರ ಮೇಲ್ವಿಚಾರಣೆ ನನ್ನದು.

ಒಂದು ಭಾನುವಾರ ಆಫೀಸಿನ ಲ್ಯಾಪ್‌ಟಾಪನ್ನು ಮನೆಗೆ ತಂದು ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ದೊಡ್ಡವ್ವ ಹತ್ತಿರ ಬಂದು ಅದರ ಬೆನ್ನು, ಹೊಟ್ಟೆ ಎಲ್ಲ ನೋಡಿ ಕೇಳಿದಳು.

"ಇದರ ಕಾರ್ಡ್ ಎಲ್ಲಿ ಹಾಕ್ತಾರ?"

"ಯಾವ ಕಾರ್ಡ್ ದೊಡ್ಡವ್ವಾ?"

"ತೂತಿನ ಕಾರ್ಡ್. ಮಷಿನ್‌ಗೆ ತಿನ್ನಾಕ ಏನಾರ ಬೇಕಲ್ಲ?"

ಆಕೆ ಪಂಚ್ ಮಷಿನ್ ದೊಡ್ಡವ್ವ ಯಾಕಾದಳು ಎಂದು ನನಗೆ ಗೊತ್ತಾದದ್ದು ಆವತ್ತು. ಆಕೆಯ ಹರೆಯದಲ್ಲಿ, ಈಗ ಗೋಡೆ ಮಾತ್ರ ಉಳಿದಿರುವ ಈ ಗಿರಣಿಗೆ, ಸಾಹುಕಾರರು ಮುಂಬಯಿಯ ತಮ್ಮ ಇನ್ನೊಂದು ಗಿರಣಿಯಲ್ಲಿ ಹಳತಾಗಿದ್ದ ಲೆಕ್ಕದ ಯಂತ್ರಗಳನ್ನು ತರಿಸಿದ್ದರಂತೆ. ಒಂದು ಯಂತ್ರ ಕಾರ್ಡಿಗೆ ತೂತು ಹೊಡೆಯುವುದು, ಒಂದು ಕಾರ್ಡುಗಳನ್ನು ಬೇರೆ ಬೇರೆ ಮಾಡುವುದು, ಇನ್ನೊಂದು ಅವನ್ನು ಓದಿ ಕೂಡಿಸಿ ಪಗಾರದ ಪಟ್ಟಿ ಛಾಪಿಸುವುದು. ಹತ್ತನೆಯ ಇಯತ್ತೆ ಮುಗಿಸಿ ಟೈಪಿಂಗ್ ಕಲಿತಿದ್ದ ದೊಡ್ಡವ್ವನನ್ನೂ ಇನ್ನೊಬ್ಬ ಹುಡುಗಿಯನ್ನೂ ತೂತು ಹೊಡೆಯುವ ಯಂತ್ರಕ್ಕೆ ಕೂರಿಸಿದರು. ಎಡಗೈಯಲ್ಲಿ ಹಾಜರಿ ಚೀಟಿ ಮಗುಚುವುದು, ಬಲಗೈಯ ಮೂರು ಬೆರಳಲ್ಲಿ ಅಂಕಿ ಕುಟ್ಟುವುದು.

"ಮಂದಿ ಆ ಮಷಿನ್ ನೋಡಿ ಅಂಜಿದ್ರು. ನಾ ಅಂಜಲಿಲ್ಲ" ಅಂದಳು. "ತೂತಿನ ರಟ್ಟು ನನಗ ಹೊಸಾದಲ್ಲ. ಎಮ್ಮಿಗನೂರಾಗ ನಮ್ಮವ್ವನ ಅಪ್ಪ ನೇಯ್ತಿದ್ದ. ಮಗ್ಗದ ಮ್ಯಾಲ ತೂತಿನ ರಟ್ಟಿನ ಸರ ಇಳೀತಿತ್ತು. ತೂತಿದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಏಳೂದಿಲ್ಲ. ಸೆರಗಿನ ಮ್ಯಾಲ ನವಿಲು ಬರತೈತಿ. ನಾ ಸಣ್ಣಾಕಿದ್ದಾಗ ರಟ್ಟಿನೊಳಗ ನವಿಲು ಎಲ್ಲೈತಿ ಅಂತ ಹುಡುಕ್ತಿದ್ನಿ."

ಯಂತ್ರ ಕೂರಿಸಲು ಮುಂಬಯಿಯಿಂದ ಬಂದ ಎಂಜಿನಿಯರ್ ಒಳ್ಳೆಯವನಂತೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದನಂತೆ. ಮಗ್ಗದ ರಟ್ಟನ್ನು ನೋಡಿಯೇ ಈ ಕಾರ್ಡು ಹುಟ್ಟಿದ್ದು ಎಂದು ಆಕೆಗೆ ಹೇಳಿದವನು ಅವನೇ. ಇಂಗ್ಲೆಂಡಿನಲ್ಲಿ ಒಬ್ಬ ಗಣಿತದ ಪಂಡಿತ ಹಲ್ಲುಚಕ್ರಗಳ ದೊಡ್ಡ ಯಂತ್ರ ಮಾಡಿ, ಅದಕ್ಕೆ ಮಗ್ಗದ ಹಾಗೆ ರಟ್ಟು ತಿನ್ನಿಸಿ ಲೆಕ್ಕ ಮಾಡಿಸಬೇಕು ಅಂತ ಬದುಕೆಲ್ಲ ಒದ್ದಾಡಿದ, ಅದು ಮುಗಿಯಲೇ ಇಲ್ಲ. ಮುಗಿಯದ ಆ ಯಂತ್ರಕ್ಕೆ ಹೇಗೆ ಹೇಗೆ ಲೆಕ್ಕ ಹೇಳಬೇಕು ಎಂದು ಬರೆದಿಟ್ಟವಳು ಒಬ್ಬ ಹೆಂಗಸು. ಆಮೇಲೆ ಅಮೆರಿಕದಲ್ಲಿ ಜನಗಣತಿಗೆ ಕಾರ್ಡು ಬಂತು. ದೊಡ್ಡ ಯುದ್ಧದ ಕಾಲದಲ್ಲಿ ಕೋಣೆ ತುಂಬುವಷ್ಟು ದೊಡ್ಡ, ಒಳಗೆಲ್ಲ ಬಲ್ಬಿನಂಥ ವಾಲ್ವು ಉರಿಯುವ ಯಂತ್ರಗಳು ಬಂದವು. ಇದನ್ನೆಲ್ಲ ದೊಡ್ಡವ್ವ ಪುರಾಣದಂತೆ ಹೇಳಿದಳು.

"ಕಂಪ್ಯೂಟರ್ ಅನ್ನಾದು ಮೊದಲು ಮಷಿನ್ ಹೆಸರಲ್ಲಂತವ್ವ. ಮನುಷ್ಯಾರ ಹೆಸರಂತ. ಕುಂತು ಲೆಕ್ಕ ಮಾಡೋರಿಗೆ ಹಂಗ ಕರೀತಿದ್ರಂತ. ಮಷಿನ್ ಬಂದು ಅವರ ಕೆಲಸಾನೂ ಇಸಗೊಂತು, ಹೆಸರೂ ಇಸಗೊಂತು." ಲ್ಯಾಪ್‌ಟಾಪಿನ ಅಂಚು ಮುಟ್ಟಿ ಹೇಳಿದಳು. "ಹಂಗ ನೋಡಿದ್ರ ನಮ್ಮಪ್ಪನೂ ಒಬ್ಬ ಕಂಪ್ಯೂಟರನ."

ಅಪ್ಪನ ಬಗ್ಗೆ ಕೇಳಿದೆ. "ಮುಸುರಿ ತೊಳಿಬೇಕು" ಎನ್ನುತ್ತ ಎದ್ದು ಒಳಗೆ ಹೋದಳು.

ಕಳೆದ ವರ್ಷ ಮಳೆಗಾಲದ ಹೊತ್ತಿಗೆ ನಮ್ಮ ಆಫೀಸಿಗೆ ಹೊಸ ಪ್ರೋಗ್ರಾಮು ಬಂತು. ಕೈಬರಹವನ್ನು ತಾನೇ ಓದುವಂಥದ್ದು. ಓನರ್ ನನ್ನನ್ನು ಒಳಗೆ ಕರೆದು, "ಚೂಡಂಡಿ, ನೋಡಿ ಮೇಡಂ, ಇದು ಓದುತ್ತೆ, ನೀವು ತಪ್ಪು ತಿದ್ದಿ. ತಿದ್ದಿದ ಹಾಗೆಲ್ಲ ಕಲಿಯುತ್ತೆ" ಅಂದ. ಒಳ್ಳೆಯ ಸುದ್ದಿ ಹೇಳುವವನ ಹಾಗೆ ನಗುತ್ತಿದ್ದ.

ಮೊದಲ ವಾರ ಅದು ಮಾಡಿದ ತಪ್ಪುಗಳನ್ನು ನೋಡಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಸತ್ತವರಿಗೆ ಮದುವೆ ಮಾಡಿಸುತ್ತಿತ್ತು, ಹೊಲವನ್ನು ಎತ್ತು ಮಾಡುತ್ತಿತ್ತು. ಬರಬರುತ್ತ ನಗು ಕಡಿಮೆಯಾಯಿತು. ಟೀ ಕುಡಿಯುವ ಹೊತ್ತಿಗೆ ಯಾರಾದರೂ ಒಬ್ಬರು ನನ್ನ ಕುರ್ಚಿಯ ಹತ್ತಿರ ಬಂದು ಕೇಳುವರು. "ಅಕ್ಕಾ, ಅದು ಎಷ್ಟು ಕಲೀತು?" ಅದೇನೋ ಹುಷಾರಿಲ್ಲದವರ ಜ್ವರ ಎಷ್ಟಾಯಿತು ಎಂದು ಕೇಳುವ ದನಿ. ಆಮೇಲೆ ಅದನ್ನೂ ಕೇಳುವುದು ಬಿಟ್ಟರು. ನಾನು ಎದುರು ಬಂದರೆ ಮಾತು ನಿಲ್ಲುತ್ತಿತ್ತು. ನಾನು ತಿದ್ದುವ ಒಂದೊಂದು ಅಕ್ಷರವೂ ಅವರಲ್ಲಿ ಒಬ್ಬಳ ಕುರ್ಚಿಯ ಕಾಲನ್ನು ಕೊಯ್ಯುತ್ತಿದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಲ್ಲರಾದ ಮೇಲೆ ನನ್ನ ಕುರ್ಚಿಯೂ ಇದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತುವಾಗ ಕಾಲು ತಣ್ಣಗಾಗುತ್ತಿತ್ತು.

ಅವರಲ್ಲಿ ನನಗೆ ಹತ್ತಿರದವಳು ಉರುಕುಂದಮ್ಮ. ತುಂಗಭದ್ರೆಯ ದಂಡೆಯ ನಾಗಲದಿನ್ನೆಯವಳು. ಉರುಕುಂದಿ ಈರಣ್ಣನಿಗೆ ಹರಕೆ ಹೊತ್ತು ಹುಟ್ಟಿದ ಮಗಳಾದ್ದರಿಂದ ಆ ಹೆಸರು. ಗಂಡ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದವನು ಹತ್ತಿ ಮೂಟೆ ಮೈಮೇಲೆ ಜಾರಿ ಬಿದ್ದು ಸೊಂಟ ಹಿಡಿದು ಮನೆಯಲ್ಲಿದ್ದ. ಶಾಲೆಗೆ ಹೋಗುವ ಒಬ್ಬಳು ಮಗಳು. ಎಂಥ ಕೆಟ್ಟ ಬರಹವನ್ನಾದರೂ ಓದುವುದರಲ್ಲಿ ಉರುಕುಂದಮ್ಮ ಗಟ್ಟಿಗಿತ್ತಿ. ಯಾವುದೋ ಊರಿನ ಹಳೆಯ ಕರಣಿಕನ ಅಕ್ಷರ ಇರುವೆ ಮಸಿಯಲ್ಲಿ ಬಿದ್ದು ಓಡಾಡಿದ ಹಾಗಿರುತ್ತಿತ್ತು. ಅದನ್ನು ಅವಳೊಬ್ಬಳೇ ಓದುತ್ತಿದ್ದಳು. "ಈತ ನಮ್ಮ ತಾತ ಇದ್ದಂಗ ಅಕ್ಕಾ, ಗೊಣಗಿದ್ದು ನನಗೊಬ್ಬಾಕಿಗೇ ತಿಳೀತೈತಿ" ಎಂದು ನಗುತ್ತಿದ್ದಳು.

ಒಂದು ದಿನ ಪ್ರೋಗ್ರಾಮು ಆ ಕರಣಿಕನ ಒಂದಿಡೀ ಪುಟವನ್ನು ಓದಿತು. ಒಂದೇ ಒಂದು ತಪ್ಪಿರಲಿಲ್ಲ. ನಾನು ಎರಡನೇ ಸಲ ಹುಡುಕುತ್ತಿದ್ದೆ, ತಪ್ಪು ಸಿಗಲಿ ದೇವರೇ ಎಂದು. ಬೆನ್ನ ಹಿಂದೆ ಯಾರೋ ಉಸಿರಾಡಿದ ಹಾಗಾಯಿತು. ಉರುಕುಂದಮ್ಮ ನಿಂತು ನೋಡುತ್ತಿದ್ದಳು. ಹೋಗಿ ಮುಖ ತೊಳೆದುಕೊಂಡು ಬಂದು ತನ್ನ ಜಾಗದಲ್ಲಿ ಕೂತಳು.

ಆ ಸಂಜೆ ನಾನು ಸೀದಾ ಹೋಗಿ ದೊಡ್ಡವ್ವನ ಪಕ್ಕ ಕೂತೆ. ನನ್ನ ಮುಖ ನೋಡುತ್ತಲೇ ಆಕೆಯ ಕಣ್ಣು ಅಗಲವಾದವು. ನಡೆದದ್ದೆಲ್ಲ ಹೇಳಿ, "ನನಗ ಅಂಜಿಕಿ ಆಗೈತಿ ದೊಡ್ಡವ್ವಾ" ಅಂದೆ. ಆಕೆ ಸಮಾಧಾನ ಹೇಳಲಿಲ್ಲ. ತನ್ನ ಕಥೆ ಹೇಳಿದಳು.

ಆಕೆಯ ಅಪ್ಪ ಅದೇ ಗಿರಣಿಯ ಪಗಾರ ವಿಭಾಗದಲ್ಲಿ ಗುಮಾಸ್ತ. ಅಂಕಿಗಳ ಉದ್ದ ಸಾಲಿನ ಮೇಲೆ ಬೆರಳು ಇಳಿಸಿಕೊಂಡು ಒಂದೇ ಉಸಿರಿನಲ್ಲಿ ಮೊತ್ತ ಹೇಳುವವನು. ಹೊಸ ಯಂತ್ರಕ್ಕೆ ಹುಡುಗಿಯರು ಬೇಕು ಎಂದಾಗ, "ನನ್ನ ಮಗಳು ಟೈಪ್ ಕಲಿತಾಳ" ಎಂದು ಮ್ಯಾನೇಜರಿಗೆ ಹೇಳಿದವನೂ ಅವನೇ. ಆ ಯಂತ್ರ ಯಾರ ಕೆಲಸ ಮಾಡಲು ಬಂದಿದೆ ಎಂದು ಆವಾಗ ಗುಮಾಸ್ತರಿಗೆ ಯಾರೂ ಹೇಳಿರಲಿಲ್ಲ.

"ಒಂದಿನ ಮಧ್ಯಾಹ್ನ ಎಂಜಿನಿಯರ್ ಊಟಕ್ಕ ಹೋಗಿದ್ದ. ಒಳಗ ನಾವಿಬ್ರ ಹುಡಿಗ್ಯಾರು" ಅಂದಳು ದೊಡ್ಡವ್ವ. "ಹೊರಗ ಗದ್ದಲ ಕೇಳ್ತು. ಪಗಾರ ಸೆಕ್ಷನ್ ಮುಚ್ತಾರಂತ ಸುದ್ದಿ ಹಬ್ಬಿತ್ತು. ಗುಮಾಸ್ತರು, ಕೂಲಿಯವರು ಎಲ್ಲಾರೂ ಬಂದು ಸುತ್ತುಗಟ್ಟಿದ್ರು. ನಾವು ಒಳಗಿಂದ ಚಿಲಕ ಹಾಕಿದ್ವಿ. ಅವರು ಹೊರಗಿಂದ ಹಾಕಿದ್ರು. ಮಷಿನ್ ಒಡೀರಿ, ಒಡೀರಿ ಅಂತ ಕೂಗು. ಕಿಟಕಿಗೆ ಕಲ್ಲು ಬಿತ್ತು. ಆ ಹುಡುಗಿ ಮೇಜಿನ ಕೆಳಗ ಕುಂತು ಅಳಾಕ ಹತ್ತಿದ್ಲು. ಆಗ ಯಾವನೋ ಕೂಗಿದ. ಕಡ್ಡಿ ಗೀರ್ರಿ, ಒಳಗ ಇರಾದೆಲ್ಲ ಕಾಗದನ ಐತಿ ಅಂದ."

ದೊಡ್ಡವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಖರೇನ, ಒಳಗೆಲ್ಲ ಕಾಗದನ ಇತ್ತು. ಗೋಡಿ ತುಂಬ ಕಾರ್ಡ್. ನಾ ಒಡದ ಕಿಟಕಿ ಹತ್ರ ಹೋಗಿ ನೋಡ್ದೆ. ಮುಂದಿನ ಸಾಲಿನಾಗ ನಮ್ಮಪ್ಪ ನಿಂತಿದ್ದ. ಅವ ಕೂಗ್ತಿರಲಿಲ್ಲ. ಕೈಯಾಗ ಕಲ್ಲಿರಲಿಲ್ಲ. ಬಗಲಾಗ ಛತ್ರಿ ಇಟಗೊಂಡು ನೆಲ ನೋಡ್ತಾ ನಿಂತಿದ್ದ. ಅಪ್ಪಾ ಅಂತ ಕರದೆ. ಇದ್ದ ದನಿಯೆಲ್ಲ ಹಾಕಿ ಕರದೆ. ತಲಿ ಎತ್ತಲಿಲ್ಲ. ಅವನಿಗೆ ಕೇಳಸ್ತೋ ಇಲ್ಲೋ, ಇವತ್ತಿಗೂ ನನಗ ಗೊತ್ತಿಲ್ಲವ್ವ."

ಕಡ್ಡಿ ಯಾರೂ ಗೀರಲಿಲ್ಲ. ಸಂಜೆಗೆ ಪೊಲೀಸರು ಬಂದು ಬಾಗಿಲು ತೆಗೆಸಿದರು. ಆ ದಿನ ಅಪ್ಪ ಮಗಳು ಎದುರುಬದುರು ಕೂತು ಉಂಡರು. ಅಪ್ಪ ತಟ್ಟೆ ನೋಡುತ್ತಲೇ ಒಂದು ಮಾತು ಹೇಳಿದನಂತೆ. "ನಿನ್ನ ಕೈ ಬಾಳ ಚುರುಕಂತ. ಮ್ಯಾನೇಜರ್ ಹೇಳ್ದ." ಅದರಲ್ಲಿ ಸಿಟ್ಟಿತ್ತೋ ಹೆಮ್ಮೆಯಿತ್ತೋ ಆಕೆಗೆ ತಿಳಿಯಲಿಲ್ಲ.

ಸ್ವಲ್ಪ ದಿನಕ್ಕೆ ಪಗಾರ ವಿಭಾಗ ಮುಚ್ಚಿತು. ಅಪ್ಪ ಗಲಾಟೆ ಮಾಡಲಿಲ್ಲ, ಅಳಲಿಲ್ಲ. ದಿನಾ ಮೊದಲಿನ ಹಾಗೆಯೇ ಕೋಟು ಹಾಕಿಕೊಂಡು ಹೊರಗೆ ಹೋಗಿ ಸಂಜೆಗೆ ಬರುತ್ತಿದ್ದ. ಮಾತು ಕಡಿಮೆಯಾಯಿತು. ಮನೆಯವರು, ಸುಮ್ಮನಿದ್ದಾನಲ್ಲ, ಸುಧಾರಿಸಿಕೊಂಡ ಎಂದುಕೊಂಡರು. ಒಂದು ಬೆಳಿಗ್ಗೆ, "ಮಾಧವರಂ ತನಕ ಹೋಗಿ ಹೊಳಿ ನೋಡಿ ಬರ್ತೀನಿ" ಅಂದ. ಆಕೆ ಗಿರಣಿಗೆ ಹೊರಡುವ ಅವಸರದಲ್ಲಿದ್ದಳು. ಹೂಂ ಅಂದಳು.

"ಛತ್ರಿ ಸಿಕ್ತು, ಹೊಳಿ ದಂಡಿ ಮ್ಯಾಲ. ಅವ ಸಿಗಲಿಲ್ಲ. ಹೊಳಿಗೆ ಹೋದ್ನೋ, ಹೊಳಿ ದಾಟಿ ಆ ಕಡಿ ಸೀಮಿಗೆ ಹೋದ್ನೋ ಯಾರಿಗೆ ಗೊತ್ತು? ನಮ್ಮವ್ವ ಸಾಯೋ ತನಕ ಬಳಿ ತಗೀಲಿಲ್ಲ, ಕುಂಕುಮ ಅಳಿಸಲಿಲ್ಲ. ತಿಥಿ ಮಾಡಂಗಿಲ್ಲ, ಕಾಯದು ಬಿಡಂಗಿಲ್ಲ."

"ನೀನು ಆ ಕೆಲಸ ಬಿಡಲಿಲ್ಲೇನು ದೊಡ್ಡವ್ವಾ?"

"ಬಿಟ್ರ ಉಣ್ಣಾದೇನು? ಕೆಳಗ ತಮ್ಮಗೋಳು, ತಂಗಿಗೋಳು. ಅದ ಮಷಿನ್ ಮುಂದ ಕುಂತು ಅವರನ್ನ ಸಾಕಿದೆ. ಮಷಿನ್‌ಗೆ ಹಸಿವಿಲ್ಲವ್ವ. ಅದನ್ನ ತಂದು ಹಚ್ಚಿದವರಿಗೆ ಐತಿ."

ಕೆಲವು ದಿನ ಬಿಟ್ಟು ಓನರ್ ನಾಲ್ಕೈದು ಹೆಂಗಸರನ್ನು ಕರೆದು ಮುಂದಿನ ತಿಂಗಳಿಂದ ಬರಬೇಡಿ ಅಂದ. ಮೊದಲ ಹೆಸರು ಉರುಕುಂದಮ್ಮನದು. ಬೇರೆಯವರು ಜಗಳವಾಡಿದರು, ಅತ್ತರು, ಓನರಿಗೆ ತೆಲುಗಿನಲ್ಲೂ ಕನ್ನಡದಲ್ಲೂ ಶಾಪ ಹಾಕಿದರು. ಉರುಕುಂದಮ್ಮ ತನ್ನ ನೀರಿನ ಬಾಟಲಿ ತೆಗೆದುಕೊಂಡು, ಕುರ್ಚಿಯನ್ನು ಮೇಜಿನೊಳಗೆ ಸರಿಸಿ, "ಬರ್ತೀನಕ್ಕಾ" ಎಂದು ಹೋದಳು. ಅವಳು ಹಾಗೆ ಹೋದದ್ದನ್ನು ಆ ಸಂಜೆ ದೊಡ್ಡವ್ವನಿಗೆ ಹೇಳಿದೆ. ಆಮೇಲೊಂದು ದಿನ ಫೋನಿನಲ್ಲಿ ಮೆಸೇಜ್ ಹಾಕಿ ಹೇಗಿದ್ದೀಯ ಎಂದು ಅವಳನ್ನು ಕೇಳಿದೆ. "ಬಾಗುನ್ನಾನು ಅಕ್ಕಾ" ಎಂದು ಉತ್ತರ ಬಂತು. ಚೆನ್ನಾಗಿದ್ದಾಳೆ ಎಂದು ನಾನೂ ನಂಬಿಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ದೊಡ್ಡವ್ವ ನನ್ನ ಬಾಗಿಲಿಗೆ ಬಂದಳು.

"ಆ ಹುಡುಗಿ ಹೆಂಗದಾಳ? ನಿಮ್ಮ ಉರುಕುಂದಮ್ಮ?"

"ಅರಾಮ ಅದಾಳ ದೊಡ್ಡವ್ವಾ. ಮೆಸೇಜ್ ಹಾಕಿದ್ಲು."

"ಯಾವಾಗ?"

"ಮೊನ್ನೆ."

"ಮುಖ ನೋಡಿಯೇನು?"

ನಾನು ಇಲ್ಲವೆಂದೆ. ಆಕೆ ಕಣ್ಣೆದುರಿಗೇ ಫೋನ್ ಮಾಡಿಸಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. "ಏಳು" ಅಂದಳು ದೊಡ್ಡವ್ವ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದರೆ ಆಕೆಯೇ ಒಳಗೆ ಹೋಗಿ ಒಲೆ ಆರಿಸಿ ಬಂದಳು. ಓಣಿಯ ತುದಿಯ ಆಟೋದವನನ್ನು ಕೂಗಿ ಕರೆದಳು. ಸುಮ್ಮನೆ ಗಾಬರಿ ಮಾಡುತ್ತಾಳೆ ಅನ್ನಿಸಿದರೂ ಆಕೆಯ ಗಾಬರಿ ನನ್ನೊಳಗೆ ಇಳಿಯತೊಡಗಿತ್ತು.

ಉರುಕುಂದಮ್ಮನ ಗಂಡ ಮಂಚದ ಮೇಲೆ ಮಲಗಿದ್ದ. ನಮ್ಮನ್ನು ನೋಡಿ ಏಳಲು ಹೋಗಿ ನರಳಿದ. "ಊರಿಕಿ ಪೋಯಿಂದಿ ಅಕ್ಕಾ, ಪೊದ್ದುನ್ನೇ" ಅಂದ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಬೆಳಿಗ್ಗೆಯೇ ಒಬ್ಬಳೇ ತವರೂರಿಗೆ ಹೋದಳಂತೆ. ಅವನಿಗೇನೂ ಅನುಮಾನವಿರಲಿಲ್ಲ. ದೊಡ್ಡವ್ವನ ಕಣ್ಣು ಮನೆಯೆಲ್ಲ ಓಡಾಡಿ ಗೂಡಿನಲ್ಲಿ ನಿಂತಿತು. ಅಲ್ಲಿ ಉರುಕುಂದಮ್ಮನ ಫೋನು ಇತ್ತು. ಅದರ ಮೇಲೆ ನನ್ನ ಎರಡು ಕರೆಗಳು.

"ಫೋನ್ ಬಿಟ್ಟು ಹೋಗ್ಯಾಳ" ಎಂದಳು ದೊಡ್ಡವ್ವ, ನನಗೆ ಮಾತ್ರ ಕೇಳುವ ಹಾಗೆ.

ನಾಗಲದಿನ್ನೆಯ ದಾರಿ ಇಷ್ಟು ಉದ್ದ ಎಂದು ನನಗೆ ಗೊತ್ತಿರಲಿಲ್ಲ. ಎಮ್ಮಿಗನೂರು ದಾಟುವಾಗ ದೊಡ್ಡವ್ವ ತನ್ನ ತಾಯಿಯ ತವರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎರಡೂ ಕಡೆ ಹತ್ತಿ ಹೊಲ, ಮೋಡದ ಬೆಳಕು. ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆ ತುಂಬಿ ಹರಿಯುತ್ತಿದೆ ಎಂದು ಆಟೋದವನು ಖುಷಿಯಿಂದ ಹೇಳಿದ. ತಿರುಗಿ ನೋಡಿದರೆ ದೊಡ್ಡವ್ವನ ಬಲಗೈ ಆಟೋದ ಕಂಬಿಯನ್ನು ಹಿಡಿದಿತ್ತು. ಬೆರಳುಗಳು ಅಲುಗುತ್ತಿರಲಿಲ್ಲ. ಎದುರಿನಿಂದ ಲಾರಿಗಳು ಹಾದುಹೋದವು, ನಂಬರುಗಳು ಹಾದುಹೋದವು. ಆ ಬೆರಳುಗಳು ಸತ್ತ ಹಾಗೆ ಬಿದ್ದಿದ್ದವು. ಅಪ್ಪನ ಛತ್ರಿ ಸಿಕ್ಕಿದ ಮೇಲೆ ಆಕೆ ಒಮ್ಮೆಯೂ ಹೊಳೆಯ ಕಡೆ ಹೋದವಳಲ್ಲ ಎಂದು ಆಕೆಯ ತಮ್ಮನ ಮಗ ಯಾವಾಗಲೋ ಹೇಳಿದ್ದು ನನಗೆ ಆಗ ನೆನಪಾಯಿತು.

ತವರುಮನೆಯ ಅಂಗಳದಲ್ಲಿ ಉರುಕುಂದಮ್ಮನ ತಾಯಿ ಜೋಳ ಕೇರುತ್ತಿದ್ದಳು. ಮಗಳೆಲ್ಲಿ ಎಂದರೆ ಮೊರ ಕೆಳಗಿಟ್ಟು ನಮ್ಮನ್ನೇ ನೋಡಿದಳು.

"ಆಕಿ ಬಂದೇ ಇಲ್ಲಲ್ಲ?"

ಬೆಳಿಗ್ಗೆ ಹೊರಟವಳು. ಬಸ್ಸಿನಲ್ಲಿ ಬಂದಿದ್ದರೆ ಎಷ್ಟೋ ಹೊತ್ತಿನ ಹಿಂದೆ ಬರಬೇಕಿತ್ತು. ತಾಯಿ ಎದೆ ಹೊಡೆದುಕೊಳ್ಳಲು ಶುರು ಮಾಡಿದಳು. ದೊಡ್ಡವ್ವ ಆಕೆಯ ಕೈ ಹಿಡಿದು, "ಆಮ್ಯಾಲ ಅಳಬೇಕವ್ವ. ಹೊಳಿಗೆ ಹೋಗೋ ದಾರಿ ಯಾವುದು, ತೋರ್ಸು" ಅಂದಳು.

ನಾವು ಮೂವರೂ ಓಡಿದೆವು. ಮಂಡಿನೋವಿನ ದೊಡ್ಡವ್ವ ಸೀರೆ ಎತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮುಂದಿದ್ದಳು. ಎಮ್ಮೆ ಮೈ ತೊಳೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು, ಮೇಲುಗಡೆ ಬಂಡೆಯ ಹತ್ತಿರ ಯಾರೋ ಹೆಣ್ಣುಮಗಳು ಬಹಳ ಹೊತ್ತಿನಿಂದ ಕೂತಿದ್ದಾಳೆ ಅಂದಳು.

ದೂರದಿಂದ ಕಂಡಳು. ನಮಗೆ ಬೆನ್ನು ಮಾಡಿ ನೀರಿನ ಅಂಚಿನ ಬಂಡೆಯ ಮೇಲೆ ಕೂತಿದ್ದಳು. ಕೆಂಪು ನೀರು ಬಂಡೆಯನ್ನು ನೆಕ್ಕಿಕೊಂಡು ಹೋಗುತ್ತಿತ್ತು. ತಾಯಿ ಕೂಗಲು ಬಾಯಿ ತೆರೆದಳು. ದೊಡ್ಡವ್ವ ಥಟ್ಟನೆ ಆಕೆಯ ಬಾಯಿಗೆ ಕೈ ಅಡ್ಡ ಹಿಡಿದಳು. ನಮ್ಮಿಬ್ಬರನ್ನೂ ಅಲ್ಲೇ ನಿಲ್ಲಿಸಿ ತಾನೊಬ್ಬಳೇ ಹೋದಳು. ಬಂಡೆಯಿಂದ ಬಂಡೆಗೆ, ಕೈ ಊರಿಕೊಂಡು, ನೀರನ್ನು ನೋಡದೆ.

ಹೋಗಿ ಉರುಕುಂದಮ್ಮನ ಪಕ್ಕದಲ್ಲಿ ಕೂತಳು. ಯಾಕೆ ಬಂದೆ ಎಂದು ಕೇಳಲಿಲ್ಲ. ಬುದ್ಧಿ ಹೇಳಲಿಲ್ಲ. ಇಬ್ಬರೂ ನೀರು ನೋಡುತ್ತ ಕೂತರು. ನನ್ನ ಪಕ್ಕದಲ್ಲಿ ಆ ತಾಯಿ ನನ್ನ ಮುಂಗೈಯನ್ನು ಹಿಂಡುತ್ತಿದ್ದಳು. ಎಷ್ಟು ಹೊತ್ತಾಯಿತೋ. ಆಮೇಲೆ ದೊಡ್ಡವ್ವನ ದನಿ ಕೇಳಿಸಿತು, ಗಟ್ಟಿಯಾಗಿ, ಒಂದಿಷ್ಟು ಸಿಡುಕಿನಿಂದ.

"ಮಂಡಿ ಹಿಡದಾವವ್ವ. ಏಳಾಕ ಬರವಲ್ದು. ಎಬ್ಬಿಸು ನನ್ನ."

ಉರುಕುಂದಮ್ಮ ತಿರುಗಿ ನೋಡಿದಳು. ಅದೇ ಆಗ ನಿದ್ದೆಯಿಂದ ಎದ್ದವಳ ಹಾಗೆ. ಮುದುಕಿಯೊಬ್ಬಳು ಎಬ್ಬಿಸು ಅಂದರೆ ನಮ್ಮ ಹೆಣ್ಣುಮಕ್ಕಳ ಕೈ ತಾನಾಗಿ ಮುಂದೆ ಹೋಗುತ್ತದೆ. ಅವಳ ಕೈಯೂ ಹೋಯಿತು. ದೊಡ್ಡವ್ವ ಅದನ್ನು ಎರಡೂ ಕೈಯಿಂದ ಹಿಡಿದಳು. ಹಿಡಿದದ್ದನ್ನು ಆದೋನಿಗೆ ಬಂದು ಮುಟ್ಟುವವರೆಗೂ ಬಿಡಲಿಲ್ಲ. ತವರಿನಲ್ಲಿ ನೀರು ಕುಡಿಯುವಾಗಲೂ ಬಿಡಲಿಲ್ಲ, ಎಡಗೈಯಲ್ಲೇ ಚೊಂಬು ಎತ್ತಿದಳು.

ಆಟೋದಲ್ಲಿ ಉರುಕುಂದಮ್ಮ ಮಾತಾಡಿದ್ದು ಒಂದೇ ಸಲ. "ಏನಿಲ್ಲಕ್ಕಾ. ಸುಮ್ನೆ ಕುಂತಿದ್ನಿ." ದೊಡ್ಡವ್ವ ಹೂಂ ಅಂದಳು. "ಇನ್ಮ್ಯಾಲ ಸುಮ್ಮನ ಕುಂದರಬೇಕು ಅನಿಸಿದ್ರ ನನ್ನ ಕಟ್ಟಿಗೆ ಬಾ. ಇಬ್ರೂ ಕುಂದರೋಣು."

ಓಣಿಗೆ ಬಂದು ಇಳಿದಾಗ ದೊಡ್ಡವ್ವನ ಕಾಲು ನಿಜವಾಗಿಯೂ ಹಿಡಿದುಕೊಂಡಿದ್ದವು. ನಾನೂ ಆಟೋದವನೂ ಸೇರಿ ಎತ್ತಿಕೊಂಡು ಒಳಗೆ ಒಯ್ದೆವು. ಎಣ್ಣೆ ಹಚ್ಚುತ್ತಿದ್ದಾಗ ಆಕೆ ಸೂರನ್ನು ನೋಡುತ್ತ ಹೇಳಿದಳು. "ಅಷ್ಟೇನು ದೊಡ್ಡದಿಲ್ಲವ್ವ ಹೊಳಿ. ಇಷ್ಟು ವರ್ಷ ಸಮುದ್ರ ಅನ್ನಂಗ ಅಂಜಿದ್ನಿ."

ಉರುಕುಂದಮ್ಮನಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ನಾನು ಕೇಳಿದೆ, ಓನರ್ ಕೈ ಮುಗಿದ. ಅವಳು ಬಹಳ ದಿನ ದೊಡ್ಡವ್ವನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದಳು, ಮಗಳನ್ನೂ ಕರೆದುಕೊಂಡು. ಅಲ್ಲಿ ಕೂತಿದ್ದಾಗಲೇ ಓಣಿಯವರು ಯಾರೋ ಹಳೆಯ ಪತ್ರ ತಂದು ಓದಿಸಿಕೊಂಡರು. ಆಮೇಲೆ ಇನ್ನೊಬ್ಬರು ಬಂದರು. ಈಗ ಅವಳು ಹತ್ತಿರದ ಪತ್ತಿಕೊಂಡದಲ್ಲಿ ಒಬ್ಬ ವಕೀಲರ ಹತ್ತಿರ ಹಳೆಯ ದಸ್ತಾವೇಜು ಓದುವ ಕೆಲಸದಲ್ಲಿದ್ದಾಳೆ. ಆ ಕೆಲಸವಾದರೂ ಎಷ್ಟು ದಿನವೋ. ನನ್ನ ಕೆಲಸ ಇನ್ನೂ ಇದೆ. ಮೆಟ್ಟಿಲು ಹತ್ತುವಾಗ ಕಾಲು ತಣ್ಣಗಾಗುವುದು ನಿಂತಿಲ್ಲ.

ದೊಡ್ಡವ್ವ ಈ ಸಲದ ಬೇಸಿಗೆಗೆ ಮೊದಲೇ ಹೋದಳು. ಜ್ವರ ಬಂದು ಮಲಗಿದವಳು ತಮ್ಮನ ಮಗನನ್ನು ಕರೆದು, "ನನ್ನ ಮಣ್ಣು ಮಾಡಿದ ಮ್ಯಾಲ ನಮ್ಮಪ್ಪಗೂ ಒಂದು ಎಡಿ ಇಡ್ರಿ. ಇನ್ನ ಕಾಯಾದು ಸಾಕು" ಅಂದಳು. ಆ ಮನೆಯಲ್ಲಿ ಯಾರೂ ಆಡಲು ಧೈರ್ಯ ಮಾಡದಿದ್ದ ಮಾತು ಅದು.

ಆಕೆಯನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಉರುಕುಂದಮ್ಮ ಮಗಳ ಜೊತೆ ಬಂದಳು. ಗುಂಡಿಯ ಹತ್ತಿರ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ, ತಾನು ಬೇರೆ ಜಾತಿಯವಳೆಂದು ಹಿಂದೆ ನಿಂತಿದ್ದಳು. ತಮ್ಮನ ಮಗ ಹುಡುಕಿ ಕರೆದ. "ಬಾರವ್ವಾ, ನೀನೂ ಹಾಕು." ಅವಳು ಬಂದು ಹಿಡಿ ತುಂಬ ಮಣ್ಣು ತೆಗೆದುಕೊಂಡಳು. ಹಾಕಲಾರದೆ ಬಹಳ ಹೊತ್ತು ಹಿಡಿದೇ ನಿಂತಳು. ಕೊನೆಗೆ ಮಗಳು ಮೆಲ್ಲಗೆ ಅವಳ ಬೆರಳು ಬಿಡಿಸಿದಳು.

ಹಿಂದಿರುಗುವಾಗ ದಾರಿಯಲ್ಲಿ ನಾನು ಕೇಳಬಹುದಿತ್ತು. ಆವತ್ತು ಬಂಡೆಯ ಮೇಲೆ ಏನು ಯೋಚನೆ ಮಾಡುತ್ತಿದ್ದೆ, ನಾವು ಬರದಿದ್ದರೆ ಎದ್ದು ಯಾವ ಕಡೆ ಹೋಗುತ್ತಿದ್ದೆ ಎಂದು. ಕೇಳಲಿಲ್ಲ. ತನ್ನಪ್ಪನಿಗೆ ಏನಾಯಿತು ಎಂಬುದು ತಿಳಿಯದೆಯೇ ದೊಡ್ಡವ್ವ ತನ್ನ ಬದುಕನ್ನೆಲ್ಲ ಕಳೆದಳು. ಉರುಕುಂದಮ್ಮನಿಗೆ ಏನಾಗುತ್ತಿತ್ತು ಎಂಬುದು ನಮಗೂ ಎಂದೂ ತಿಳಿಯುವುದಿಲ್ಲ. ಹೊತ್ತು ಮೀರುವ ಮೊದಲೇ ಹೋಗಿ ದೊಡ್ಡವ್ವ ನಮಗೆ ಕೊಟ್ಟು ಹೋದದ್ದು ಈ ತಿಳಿಯದಿರುವುದನ್ನೇ. ನನ್ನ ಮುಂದೆ ಉರುಕುಂದಮ್ಮ ಬಿಸಿಲಿಗೆ ಸೆರಗು ಹೊದ್ದು, ಚಪ್ಪಲಿಯ ಮಣ್ಣು ಝಾಡಿಸಿಕೊಂಡು, ನೀರು ಕುಡಿಯದೆ ಬಂದೆಯಲ್ಲ ಎಂದು ಮಗಳನ್ನು ಬೈಯುತ್ತ ನಡೆಯುತ್ತಿದ್ದಳು.